ಮುದ್ದೆಯ ಪಕ್ಕ ಏನಿದೆ?



ಕೋಲಾರದ ಈ ದತ್ತಿ ಉಪನ್ಯಾಸದ ವ್ಯವಸ್ಥಾಪಕರು ನನಗೆ ಕೊಟ್ಟ ವಿಷಯ ‘ಆರೋಗ್ಯ ಮತ್ತು ಯೌವನ ಕಾಪಾಡುವ ಆಹಾರ’. ಆರೋಗ್ಯದ ಬಗ್ಗೆ ತಕರಾರಿಲ್ಲ. ಯೌವನದ ಬಗ್ಗೆ ಮಾತ್ರ ಮೊದಲೇ ಒಂದು ಕರಾರು ಮಾಡಿಕೊಳ್ಳೋಣ. ನೆರೆತ ಕೂದಲನ್ನು ಕಪ್ಪಾಗಿಸುವ, ಮುಖದ ಸುಕ್ಕು ಅಳಿಸುವ ಊಟ ಯಾವುದೂ ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರು ಸಾಮಾನ್ಯವಾಗಿ ಏನನ್ನಾದರೂ ಮಾರುತ್ತಿರುತ್ತಾರೆ. ಎಪ್ಪತ್ತರಲ್ಲೂ ನೆಲಕ್ಕೆ ಕೈ ಊರದೆ ಎದ್ದು ನಿಲ್ಲುವುದು, ಕೆಂಪು ಬಸ್ಸಿನ ಮೊದಲ ಮೆಟ್ಟಿಲನ್ನು ಯಾರ ಆಸರೆಯೂ ಇಲ್ಲದೆ ಹತ್ತುವುದು, ಸಂತೆಯ ಚೀಲವನ್ನು ತಾನೇ ಹೊತ್ತು ತರುವುದು, ರಾತ್ರಿ ಒಬ್ಬರೇ ಬಚ್ಚಲಿಗೆ ಹೋಗಿ ಬೀಳದೆ ವಾಪಸು ಬರುವುದು: ಇವಿಷ್ಟು ಕೈಲಾದರೆ ಆ ಮನುಷ್ಯ ಇನ್ನೂ ಪ್ರಾಯದಲ್ಲಿದ್ದಾನೆ ಎಂದು ನಾನು ಒಪ್ಪುತ್ತೇನೆ. ಇದಕ್ಕೆ ಊಟದಿಂದ ಏನು ಸಹಾಯವಾದೀತು ಎಂಬುದೇ ಇವತ್ತಿನ ಮಾತು.

ದೀರ್ಘಾಯುಸ್ಸು ಎಂದ ತಕ್ಷಣ ಈ ಸೀಮೆಯಲ್ಲಿ ಮೂರು ಹೆಸರು ಬರುತ್ತವೆ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ನೂರು ದಾಟಿ 1962ರಲ್ಲಿ ತೀರಿಕೊಂಡರು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು 88 ವರ್ಷ ಬಾಳಿದರು. ಮಾಲೂರು ತಾಲ್ಲೂಕಿನ ಮಾಸ್ತಿಯವರು 1891ರ ಜೂನ್ 6ರಂದು ಹುಟ್ಟಿ, 1986ರ ಜೂನ್ 6ರಂದೇ, ತೊಂಬತ್ತೈದು ತುಂಬಿದ ದಿನ ಹೋದರು. ಇವರೇನು ತಿನ್ನುತ್ತಿದ್ದರು ಎಂದು ಜನ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಅವರ ಊಟದ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡರೆ ಪ್ರಯೋಜನವಿಲ್ಲ. ಅದೇ ಊಟ ಉಂಡು ನಲವತ್ತಕ್ಕೇ ಹೋದ ಸಾವಿರಾರು ಜನರ ಚರಿತ್ರೆಯನ್ನು ಯಾರೂ ಬರೆದಿಡಲಿಲ್ಲ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸಿನಲ್ಲಿತ್ತು, ಈಗ 70. ಈ ಏರಿಕೆ ಲಸಿಕೆಯಿಂದ, ಪ್ರತಿಜೀವಕ ಔಷಧಿಯಿಂದ, ಬರಗಾಲದಲ್ಲೂ ಸಿಗುವ ಪಡಿತರದಿಂದ, ಸುರಕ್ಷಿತ ಹೆರಿಗೆಯಿಂದ ಬಂದದ್ದು. ‘ಹಳೇ ಕಾಲದವರು ಗಟ್ಟಿ’ ಎನ್ನುವಾಗ ಬದುಕಿ ಉಳಿದವರನ್ನು ಮಾತ್ರ ಲೆಕ್ಕ ಹಾಕುತ್ತಿದ್ದೇವೆ ಎಂಬುದು ನೆನಪಿರಲಿ.

ಹಳೆಯ ಊಟವನ್ನು ಹೊಗಳುವ ಮೊದಲು ಇನ್ನೊಂದು ಸಂಗತಿ. 1876ರಿಂದ 78ರ ತನಕ ಮೈಸೂರು ಸಂಸ್ಥಾನವನ್ನು ಕಾಡಿದ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಜನ ಸತ್ತರು. ಅತಿ ಹೆಚ್ಚು ನರಳಿದ ಸೀಮೆಗಳಲ್ಲಿ ಕೋಲಾರವೂ ಒಂದು. ಇಲ್ಲಿ ಜೀವನದಿ ಇಲ್ಲ, ಇರುವುದೆಲ್ಲ ಕೆರೆ. ಮಳೆ ತಪ್ಪಿದರೆ ಹಗೇವಿನ, ಅಂದರೆ ನೆಲದೊಳಗಿನ ಕಣಜದ, ರಾಗಿಯೇ ಗತಿ. ರಾಗಿಯನ್ನು ಹುಳ ಮುಟ್ಟುವುದು ಕಡಿಮೆ, ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಅದಕ್ಕೇ ಅದು ಇಲ್ಲಿಯ ಧಾನ್ಯವಾಯಿತು, ಯಾವ ವೈದ್ಯನೂ ಬರೆದುಕೊಟ್ಟದ್ದರಿಂದಲ್ಲ. ಬಡವರ ಮನೆಯಲ್ಲಿ ಎಷ್ಟೋ ದಿನ ಮುದ್ದೆಗೆ ಜೊತೆಯಾಗಿದ್ದದ್ದು ಉಪ್ಪು ಮತ್ತು ಮೆಣಸಿನಕಾಯಿ. ಅಂಥ ಊಟಕ್ಕೆ ನಾವು ಹಿಂತಿರುಗಬೇಕಿಲ್ಲ.

ಹಿಂತಿರುಗಿ ನೋಡಬೇಕಾದದ್ದು ಹೊಲವನ್ನು. ಈ ಕಡೆಯ ರಾಗಿ ಹೊಲದಲ್ಲಿ ರಾಗಿಯೊಂದೇ ಇರುತ್ತಿರಲಿಲ್ಲ. ಕೂರಿಗೆಯಲ್ಲಿ ಬಿತ್ತುವಾಗ ಕೆಲವು ಸಾಲು ಬಿಟ್ಟು ಅಕ್ಕಡಿ ಹಾಕುತ್ತಿದ್ದರು. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿನಲ್ಲಿ ಹರಳು, ಅಲ್ಲಲ್ಲಿ ಜೋಳ, ಸಾಸಿವೆ. ಕಳೆ ಕೀಳಲು ಹೋದ ಹೆಂಗಸರ ಮಡಿಲಿಗೆ ಬೆರಕೆ ಸೊಪ್ಪು. ಸುಗ್ಗಿಯಾದ ಮೇಲೆ ಅದೇ ಹೊಲದಲ್ಲಿ ಹುರುಳಿ. ಅಂದರೆ ಮುದ್ದೆ, ಅದಕ್ಕೆ ಬೇಕಾದ ಕಾಳು, ಒಗ್ಗರಣೆಯ ಎಣ್ಣೆಬೀಜ, ಸಾರಿನ ಸೊಪ್ಪು ಎಲ್ಲವೂ ಒಂದೇ ಹೊಲದಿಂದ ಬರುತ್ತಿದ್ದವು. ರಾಗಿಯಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಮಿಥಿಯೋನೀನ್ ಚೆನ್ನಾಗಿದೆ. ಅವರೆ, ಹುರುಳಿಯಲ್ಲಿ ಅದರ ತಿರುಗುಮುರುಗು. ಎರಡೂ ಸೇರಿದಾಗ ಮೈಗೆ ಪೂರ್ತಿ ಪ್ರೋಟೀನ್ ಸಿಗುತ್ತದೆ. ಅಕ್ಕಡಿ ಹಾಕಿದ ರೈತನಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.

ಆಮೇಲೆ ಏನಾಯಿತು? ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಇಳುವರಿ ಏರಿತು. ರಾಗಿಗೆ ಬೆಂಬಲ ಬೆಲೆ ಬಂತು: 2025–26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ಪಟ್ಟಣದವರೂ ರಾಗಿಯನ್ನು ಹುಡುಕಿಕೊಂಡು ಬಂದರು. ರಾಗಿಗೆ ಮರ್ಯಾದೆ ಬಂತು, ಆದರೆ ಅಕ್ಕಡಿ ಸಾಲು ತೆಳ್ಳಗಾಯಿತು. ಕಟಾವಿನ ಯಂತ್ರಕ್ಕೆ ಬೆರಕೆ ಬೆಳೆ ಆಗಿಬರುವುದಿಲ್ಲ. ಅಗಲ ಎಲೆಯ ಕಳೆಯನ್ನು ಸುಡುವ ಔಷಧಿ ಹೊಡೆದರೆ ಅವರೆಯೂ ಹೋಗುತ್ತದೆ, ಬೆರಕೆ ಸೊಪ್ಪೂ ಹೋಗುತ್ತದೆ. ಎಷ್ಟೋ ರಾಗಿ ಹೊಲಗಳನ್ನು ನೀಲಗಿರಿ ತೋಪು ನುಂಗಿತು. 2017ರಲ್ಲಿ ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸುವ ಹೊತ್ತಿಗೆ ನೆಲವೂ ಒಣಗಿತ್ತು, ರೂಢಿಯೂ ತಪ್ಪಿತ್ತು. ಹೀಗೆ ಮುದ್ದೆ ಉಳಿಯಿತು, ಅದರ ಪಕ್ಕದ್ದು ಹೋಯಿತು. ಇವತ್ತು ನಾನು ಹೇಳಲು ಬಂದದ್ದು ಮುಖ್ಯವಾಗಿ ಇದನ್ನೇ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಮುಪ್ಪಿನಲ್ಲಿ ನಮ್ಮನ್ನು ಮೊದಲು ಬಿಟ್ಟುಹೋಗುವುದು ಮಾಂಸಖಂಡ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ತೊಡೆ ಸೋತರೆ ಏಳಲಾಗುವುದಿಲ್ಲ. ಏಳಲಾಗದವರು ಓಡಾಡುವುದಿಲ್ಲ, ಓಡಾಡದವರ ತೊಡೆ ಇನ್ನೂ ಸೋಲುತ್ತದೆ. ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಖರ್ಚು ಮಾಡುವುದೂ ಮಾಂಸಖಂಡವೇ ಆದ್ದರಿಂದ, ಅದು ಕರಗಿದ ಮೈಗೆ ಸಕ್ಕರೆ ಕಾಯಿಲೆ ಸುಲಭವಾಗಿ ನುಗ್ಗುತ್ತದೆ. ಮಾಂಸಖಂಡ ಉಳಿಯಲು ಎರಡು ಬೇಕು: ಕೆಲಸ ಮತ್ತು ಪ್ರೋಟೀನ್. ದೊಡ್ಡವರಿಗೆ ಮೈತೂಕದ ಒಂದೊಂದು ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ವಯಸ್ಸಾದವರಿಗೆ ಒಂದು ಗ್ರಾಂ, ಇಲ್ಲವೆ ಇನ್ನೂ ತುಸು ಹೆಚ್ಚೇ ಇರಲಿ ಎನ್ನುವ ವೃದ್ಧಾಪ್ಯ ತಜ್ಞರು ಬಹಳ ಮಂದಿ ಇದ್ದಾರೆ. 55 ಕೆಜಿ ತೂಕದ ಅಜ್ಜಿಗೆ ಹೆಚ್ಚುಕಡಿಮೆ 55 ಗ್ರಾಂ ಎಂದಿಟ್ಟುಕೊಳ್ಳಿ.

ಆ ಅಜ್ಜಿ ದಿನಕ್ಕೆ ಎರಡು ಮುದ್ದೆ, ಒಂದಷ್ಟು ಅನ್ನ ಉಣ್ಣುತ್ತಾರೆ ಎನ್ನೋಣ. ಎರಡು ಮುದ್ದೆಗೆ 200 ಗ್ರಾಂ ಹಿಟ್ಟು, ಅದರಲ್ಲಿ 14 ಗ್ರಾಂ ಪ್ರೋಟೀನ್. 100 ಗ್ರಾಂ ಅಕ್ಕಿಯಲ್ಲಿ 8. ಒಟ್ಟು 22. ತಿಳಿಸಾರು, ಉಪ್ಪಿನಕಾಯಿ, ಎರಡು ಲೋಟ ಟೀಯಲ್ಲಿ ಹೇಳಿಕೊಳ್ಳುವಷ್ಟು ಪ್ರೋಟೀನ್ ಇಲ್ಲ. ಹೊಟ್ಟೆ ತುಂಬಿದೆ, ಬೇಕಾದದ್ದರಲ್ಲಿ ಅರ್ಧ ಕೂಡ ಸಿಕ್ಕಿಲ್ಲ. ಈಗ ಅದೇ ತಟ್ಟೆಗೆ ದಿನಕ್ಕೆ 60 ಗ್ರಾಂ ಹುರುಳಿಯನ್ನೋ ಅವರೆಯನ್ನೋ ಬೇಳೆಯನ್ನೋ ಸೇರಿಸಿ, 13 ಗ್ರಾಂ ಬಂತು. ಹಾಲು, ಮೊಸರು ಕೂಡಿ 300 ಮಿಲಿಲೀಟರ್ ಇರಲಿ, ಹತ್ತು ಗ್ರಾಂ. ಒಂದು ಮೊಟ್ಟೆ, ಆರು. ಒಂದು ಸಣ್ಣ ಹಿಡಿ ಕಡ್ಲೆಕಾಯಿ ಬೀಜ, ಐದು. ಎಲ್ಲ ಕೂಡಿದರೆ 56. ಮೊಟ್ಟೆ ತಿನ್ನದವರು ಕಾಳನ್ನೂ ಮೊಸರನ್ನೂ ಇನ್ನಷ್ಟು ಹೆಚ್ಚಿಸಿಕೊಳ್ಳಲಿ, ಮಾಂಸ ತಿನ್ನುವವರು ವಾರಕ್ಕೊಂದೆರಡು ದಿನ ಕೋಳಿಯನ್ನೋ ಕೆರೆ ಮೀನನ್ನೋ ತಿನ್ನಲಿ. ಇದರಲ್ಲಿ ಕೋಲಾರದ ಸಂತೆಯಲ್ಲಿ ಸಿಗದ ವಸ್ತು ಒಂದಾದರೂ ಇದೆಯೇ? ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು. ಇದು ಉಪಚಾರಕ್ಕೆ ಹೇಳುವ ಮಾತಲ್ಲ, ನಿಜವಾದ ಎಚ್ಚರಿಕೆ.

ರಾಗಿಯ ದೊಡ್ಡಸ್ತಿಕೆ ಪ್ರೋಟೀನಿನಲ್ಲಿಲ್ಲ, ಸುಣ್ಣದಲ್ಲಿ, ಅಂದರೆ ಕ್ಯಾಲ್ಸಿಯಂನಲ್ಲಿ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಎಂಟು ಮಿಲಿಗ್ರಾಂ ಕೂಡ ಇಲ್ಲ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಎರಡು ಮುದ್ದೆಯಲ್ಲೇ ಏಳುನೂರು ಸಿಕ್ಕಿತು, ಹಾಲು, ಮಜ್ಜಿಗೆ, ನುಗ್ಗೆಸೊಪ್ಪು ಮಿಕ್ಕದ್ದನ್ನು ನೋಡಿಕೊಳ್ಳುತ್ತವೆ. ಪೂರ್ತಿ ಸುಣ್ಣ ಮೈಗೆ ಹತ್ತುವುದಿಲ್ಲ ಎಂಬುದನ್ನೂ ಹೇಳಬೇಕು. ರಾಗಿಯ ಹೊಟ್ಟಿನಲ್ಲಿರುವ ಫೈಟೇಟ್ ಸುಣ್ಣವನ್ನೂ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ ಮೊಳಕೆ ಕಟ್ಟಿದರೆ, ರಾತ್ರಿಯಿಡೀ ಹುಳಿ ಬರಿಸಿದರೆ ಆ ಹಿಡಿತ ಸಡಿಲುತ್ತದೆ. ಮೊಳಕೆ ರಾಗಿಯ ಹುರಿಹಿಟ್ಟು, ಹುಳಿ ಅಂಬಲಿ ಮಾಡುತ್ತಿದ್ದವರು ಇದನ್ನು ಕೈಯಿಂದಲೇ ಸಾಧಿಸಿದ್ದರು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ರಾಗಿ ಮಾಲ್ಟಿನ ಮೇಲೆ ನಡೆದ ದೊಡ್ಡ ಸಂಶೋಧನೆಯ ಹಿಂದಿರುವುದೂ ಇದೇ ಮೊಳಕೆಯ ಗುಟ್ಟು. ಸುಣ್ಣ ಮೂಳೆಗೆ ಇಳಿಯಲು ಡಿ ವಿಟಮಿನ್ ಬೇಕು, ಅದನ್ನು ಬಿಸಿಲು ಬಿದ್ದ ಚರ್ಮ ತಯಾರಿಸಿಕೊಳ್ಳುತ್ತದೆ. ದಿನವಿಡೀ ಟಿವಿ ಮುಂದೆ ಕುಳಿತವರು ದಿನಾ ಒಂದಿಷ್ಟು ಹೊತ್ತು ತೋಳು ಬಿಟ್ಟು ಬಿಸಿಲಿಗೆ ಹೋಗಲಿ.

‘ಸಕ್ಕರೆ ಕಾಯಿಲೆ, ಅದಕ್ಕೇ ಅನ್ನ ಬಿಟ್ಟು ಬರೀ ಹಿಟ್ಟು’ ಎನ್ನುವವರಿಗೆ ಒಂದು ಅಪ್ರಿಯ ಮಾತು. ನುಣ್ಣಗೆ ಬೀಸಿದ ಹಿಟ್ಟನ್ನು ಚೆನ್ನಾಗಿ ಬೇಯಿಸಿ ದೊಡ್ಡ ದೊಡ್ಡ ಎರಡು ಮುದ್ದೆ ಒಂದೇ ಹೊತ್ತಿಗೆ ಇಳಿಸಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ರಾಗಿಯೂ ಹಿಟ್ಟೇ, ಮದ್ದಲ್ಲ. ಗಾತ್ರ ಇಳಿಸಿ, ಸಾರಿನಲ್ಲಿ ಕಾಳನ್ನೂ ಸೊಪ್ಪನ್ನೂ ಏರಿಸಿ, ಆಗ ಅದು ನಿಧಾನಕ್ಕೆ ಕರಗುತ್ತದೆ. 2023ರಲ್ಲಿ ಹೊರಬಂದ ಐಸಿಎಂಆರ್ ಅಧ್ಯಯನ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿದ ಸಕ್ಕರೆ ರೋಗಿಗಳಿದ್ದಾರೆ ಎಂದಿತು. ಮರುವರ್ಷ ಅದೇ ಮಂಡಳಿಯ ಆಹಾರ ಮಾರ್ಗಸೂಚಿ ಧಾನ್ಯದಿಂದ ಬರುವ ಶಕ್ತಿ ನೂರಕ್ಕೆ 45ನ್ನು ಮೀರದಿರಲಿ ಎಂದು ಹೇಳಿತು. ನಮ್ಮ ಹಳ್ಳಿಯ ತಟ್ಟೆಯಲ್ಲಿ ಧಾನ್ಯದ ಪಾಲು ಅದಕ್ಕಿಂತ ಬಹಳ ಹೆಚ್ಚು. ಉಪ್ಪನ್ನು ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇಡಿ ಎಂಬ ಮಾತು ಉಪ್ಸಾರು, ಉಪ್ಪಿನಕಾಯಿ ಪ್ರಿಯರಿಗೆ ರುಚಿಸುವುದಿಲ್ಲ. ಆದರೂ ರಕ್ತದೊತ್ತಡ ಇದ್ದವರು ಎರಡರಲ್ಲಿ ಒಂದನ್ನಾದರೂ ಬಿಡಬೇಕು.

ಮುಳಬಾಗಿಲಿನವರು ಮುಖ ಗಂಟಿಕ್ಕಿಕೊಂಡು ಕೂತಿದ್ದೀರಿ, ನಮ್ಮೂರ ಹೆಸರಾಂತ ದೋಸೆಯ ವಿಷಯ ಎತ್ತುತ್ತಾನೇನೋ ಎಂದು. ಎತ್ತುವುದಿಲ್ಲ. ಯಾವಾಗಲಾದರೂ ತಿನ್ನುವ ತುಪ್ಪದ ದೋಸೆಯಿಂದ ಯಾರೂ ಕೆಡಲಿಲ್ಲ. ದಿನಾ ಸಂಜೆ ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದ ಬೋಂಡದಿಂದ ಕೆಟ್ಟವರಿದ್ದಾರೆ.

ಇನ್ನು ಬೆರಕೆ ಸೊಪ್ಪು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ, ಗಣಿಕೆ, ದಂಟು, ಕೀರೆ: ಮಳೆ ಬಿದ್ದು ಹದಿನೈದು ದಿನಕ್ಕೆ ಹೊಲದ ಬದುವಿನಲ್ಲಿ ಎದ್ದು ನಿಲ್ಲುತ್ತವೆ. ಯಾವುದು ತಿನ್ನುವ ಸೊಪ್ಪು, ಯಾವುದು ಅಲ್ಲ, ಯಾವುದು ಎಷ್ಟು ಹಾಕಿದರೆ ಸಾರು ಕಹಿಯಾಗುತ್ತದೆ ಎಂದು ಬಲ್ಲವರು ಇವತ್ತು ಹೆಚ್ಚಾಗಿ ಅರವತ್ತು ದಾಟಿದ ಹೆಂಗಸರೇ. ಸೊಸೆಯಂದಿರಿಗೆ ಮಾರುಕಟ್ಟೆಯ ಪಾಲಕ್, ಮೆಂತ್ಯ, ಸಬ್ಬಸಿಗೆ ಗೊತ್ತು. ಅವೂ ಒಳ್ಳೆಯವೇ. ಆದರೆ ಬೆರಕೆಯಲ್ಲಿ ಒಂದೇ ಹೊತ್ತಿಗೆ ಏಳೆಂಟು ಬಗೆ ಸೇರುತ್ತವೆ, ಕಬ್ಬಿಣ, ಸುಣ್ಣ, ಎ ವಿಟಮಿನ್, ಫೋಲೇಟ್ ಎಲ್ಲ ಕೂಡಿಯೇ ಬರುತ್ತವೆ, ಖರ್ಚು ಬರೀ ಬೆನ್ನು ಬಗ್ಗಿಸಿದ್ದು. ಹಾಗೆ ಬಗ್ಗಿ ಎದ್ದು ಬಗ್ಗಿ ಎದ್ದು ಸೊಪ್ಪು ಕೀಳುವುದೇ ಮಾಂಸಖಂಡಕ್ಕೆ ಬೇಕಾದ ಕೆಲಸ ಎಂದು ಬೇರೆ ಹೇಳಬೇಕಿಲ್ಲ. ಕಳೆನಾಶಕ ಹೊಡೆದ ಹೊಲದ ಸೊಪ್ಪು, ಔಷಧಿ ಹೊಡೆಯುವ ಟೊಮೆಟೊ ತೋಟದ ಪಕ್ಕದ ಸೊಪ್ಪು ಮಾತ್ರ ಬೇಡ. ಕೆರೆ ಅಂಚಿನ ಸೊಪ್ಪಿಗೂ ಎಚ್ಚರ ಬೇಕು. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಬತ್ತಿದ್ದ ಕೊಳವೆ ಬಾವಿಗಳಲ್ಲಿ ನೀರು ಕಂಡಿದೆ, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗೂ ಇದೆ. ಆ ಕೂಗು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಅದು ಈಡೇರುವ ತನಕ ಕೆರೆ ಅಂಚಿನ ಸೊಪ್ಪನ್ನು ಹಸಿಯಾಗಿ ತಿನ್ನಬೇಡಿ, ತೊಳೆದು ಬೇಯಿಸಿ.

ನೀರಿನ ಮಾತು ಬಂತು. ಈ ಜಿಲ್ಲೆಯಲ್ಲಿ ಆಹಾರದ ಬಗ್ಗೆ ಮಾತನಾಡಿ ಫ್ಲೋರೈಡ್ ಬಿಟ್ಟರೆ ಉಪನ್ಯಾಸ ಅರ್ಧಕ್ಕೆ ನಿಂತ ಹಾಗೆ. ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರಬಾರದು. ಸಾವಿರ ಅಡಿಗೂ ಕೆಳಗಿನಿಂದ ಎತ್ತಿದ ನಮ್ಮ ಎಷ್ಟೋ ಕೊಳವೆ ಬಾವಿಗಳಲ್ಲಿ ಅದು ಮೀರಿದೆ. ಮಕ್ಕಳ ಹಲ್ಲಿನ ಕಂದು ಕಲೆ ಎಲ್ಲರಿಗೂ ಕಾಣುತ್ತದೆ. ವಯಸ್ಸಾದವರ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುವುದನ್ನು ಮಾತ್ರ ‘ವಯಸ್ಸಾಯ್ತು’ ಎಂದು ಬಿಟ್ಟುಬಿಡುತ್ತೇವೆ. ಹಾಗೆ ಬಿಗಿದವರಲ್ಲಿ ಕೆಲವರದ್ದಾದರೂ ವಯಸ್ಸಿನ ತಪ್ಪಲ್ಲ, ನೀರಿನ ತಪ್ಪು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾಗಿ ನೀರು ಕಡಿಮೆಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ, ಕ್ಯಾನು ಹಿಡಿದು ಹೋಗುತ್ತೀರಿ, ಸಂತೋಷ. ಆದರೆ ಆ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಅಡುಗೆಗೆ ನಲ್ಲಿ ನೀರು ಹಾಕುತ್ತೀರಿ. ಮುದ್ದೆಯ ಎಸರಿಗೆ ಎಷ್ಟು ನೀರು ಹಿಡಿಯುತ್ತದೆ ಎಂದು ಯೋಚಿಸಿದ್ದೀರಾ? ಹಿಟ್ಟು ಅದನ್ನೆಲ್ಲ ಕುಡಿದೇ ಮುದ್ದೆಯಾಗುವುದು. ಸಾರಿನ ನೀರೂ ಹೊಟ್ಟೆಗೇ ಹೋಗುವುದು. ಎಸರಿಗೂ ಸಾರಿಗೂ ಕ್ಯಾನಿನ ನೀರನ್ನೇ ಹಾಕಿ. ಊಟದಲ್ಲಿ ಸುಣ್ಣ ಹೆಚ್ಚಿದ್ದಷ್ಟೂ ಕರುಳು ಹೀರುವ ಫ್ಲೋರೈಡ್ ಕಡಿಮೆಯಾಗುತ್ತದೆ. ಈ ಜಿಲ್ಲೆಯಲ್ಲಿ ರಾಗಿ ಮತ್ತು ಮಜ್ಜಿಗೆಗೆ ಹೀಗೊಂದು ಹೆಚ್ಚಿನ ಕೆಲಸವಿದೆ. ಟೀ ಸೊಪ್ಪಿನಲ್ಲೇ ಫ್ಲೋರೈಡ್ ಇರುತ್ತದೆ, ಅದು ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ಊಟದ ಬೆನ್ನಿಗೇ ಕಡು ಕಪ್ಪು ಟೀ ಕುಡಿಯುವ ಚಟವನ್ನು ಒಂದು ಗಂಟೆಯಾದರೂ ಮುಂದೂಡಿ.

ಹಲ್ಲಿನ ಬಗ್ಗೆ ಪಂಡಿತರು ಮಾತನಾಡುವುದು ಕಡಿಮೆ. ವಯಸ್ಸಾದವರ ಊಟ ಕೆಡುವುದು ಬಹಳ ಸಲ ಬಾಯಿಂದಲೇ. ನಾಲ್ಕು ಹಲ್ಲು ಹೋದೊಡನೆ ಮೊದಲು ಬಿಡುವುದು ಕಾಳು, ಆಮೇಲೆ ಸೊಪ್ಪಿನ ಪಲ್ಯ, ಹಣ್ಣು, ಮಾಂಸ. ಉಳಿಯುವುದು ಮೆತ್ತಗಿನ ಅನ್ನ, ತಿಳಿಸಾರು, ಬ್ರೆಡ್ಡು, ಟೀಯಲ್ಲಿ ಅದ್ದಿದ ಬಿಸ್ಕತ್ತು. ಈ ವಿಷಯದಲ್ಲಿ ನಮ್ಮ ಅಡುಗೆ ಮನೆ ಜಾಣತನ ತೋರಿಸಿದೆ. ಮುದ್ದೆ ಅಗಿಯುವ ಪದಾರ್ಥವೇ ಅಲ್ಲ, ನುಂಗುವಂಥದ್ದು. ಮಸೊಪ್ಪಿನಲ್ಲಿ ಬೇಳೆಯೂ ಸೊಪ್ಪೂ ಮಸೆದು ಒಂದಾಗಿರುತ್ತವೆ. ಅವರೆಕಾಯಿ ಕಾಲದಲ್ಲಿ, ಮಾರ್ಗಶಿರದ ಚಳಿಯಲ್ಲಿ, ಸಿಪ್ಪೆ ಹಿಚುಕಿ ತೆಗೆದ ಹಿತಕಬೇಳೆ ಸಾರು ಹಲ್ಲಿಲ್ಲದ ಬಾಯಿಗೆ ಹೇಳಿ ಮಾಡಿಸಿದ್ದು. ಮೊಳಕೆ ಹುರುಳಿಯನ್ನು ಬೇಯಿಸಿ ಕಟ್ಟು ಬಸಿದ ಮೇಲೆ ಕಾಳನ್ನು ರುಬ್ಬಿ ಸಾರಿಗೇ ಹಾಕಬಹುದು. ಬರೀ ಕಟ್ಟು ಕುಡಿದು ಕಾಳನ್ನು ಹಸುವಿಗೆ ಹಾಕಿದರೆ ಲಾಭವೆಲ್ಲ ಹಸುವಿಗೆ. ಕಡ್ಲೆಕಾಯಿ ಬೀಜ ಅಗಿಯಲಾಗದವರಿಗೆ ಅದರ ಚಟ್ನಿ, ಹುಚ್ಚೆಳ್ಳಿನ ಪುಡಿ ಇದೆ. ಪಾರ್ಶ್ವವಾಯು ಹೊಡೆದು ನುಂಗಲು ಕಷ್ಟವಾದವರಿಗೆ ಮಾತ್ರ ಮುದ್ದೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಗಂಜಿಯೇ ಸರಿ. ಸಾಧ್ಯವಿದ್ದವರು ಹಲ್ಲು ಕಟ್ಟಿಸಿಕೊಳ್ಳಿ. ಮಗಳ ಮದುವೆಗೆ, ಮೊಮ್ಮಗನ ನಾಮಕರಣಕ್ಕೆ ಸಾಲ ಮಾಡುವವರು ತಮ್ಮ ಹಲ್ಲಿಗೆ ಹಣವಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಇನ್ನು, ನಾವು ಬೆಳೆದದ್ದರಲ್ಲಿ ನಮ್ಮ ತಟ್ಟೆಗೆ ಬರುವುದೆಷ್ಟು? ಜಿಲ್ಲೆಯ ಹಾಲು ಬೆಳಗ್ಗೆ ಸಂಜೆ ಡೈರಿಗೆ ಹೋಗುತ್ತದೆ. ಟೊಮೆಟೊ ಕೋಲಾರದ ಎಪಿಎಂಸಿಯಿಂದ ಲಾರಿ ಹತ್ತಿ ಹೊರ ರಾಜ್ಯಕ್ಕೆ ಹೋಗುತ್ತದೆ. 2023ರ ಜುಲೈಯಲ್ಲಿ 15 ಕೆಜಿಯ ಪೆಟ್ಟಿಗೆ ಎರಡು ಸಾವಿರ ದಾಟಿದಾಗ ಬೆಳೆದವರ ಮನೆಯ ಸಾರಿನಲ್ಲೂ ಹುಣಸೆಹಣ್ಣೇ ಇತ್ತು. ಶ್ರೀನಿವಾಸಪುರದ ತೋತಾಪುರಿ ಚಿತ್ತೂರಿನ ತಿರುಳು ಕಾರ್ಖಾನೆಗೆ ಹೋಗುತ್ತದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ನಮ್ಮ ಮಾವು ಒಳಬರದಂತೆ ತಡೆದಾಗ ಊರಿಗೆ ಊರೇ ಬಂದ್ ಮಾಡಬೇಕಾಯಿತು. ಹಣ ಬರುತ್ತದೆ, ಬರಬೇಕು, ರೈತ ಬದುಕಬೇಕು. ಆದರೆ ಡೈರಿಗೆ ಎಂಟು ಲೀಟರ್ ಅಳೆಯುವ ಮನೆಯಲ್ಲಿ ಅಜ್ಜಿಗೆ ನೀರು ಬೆರೆಸಿದ ಟೀ ಕೊಡುವುದು ಯಾವ ಲೆಕ್ಕ? ಒಂದು ಲೋಟ ಹಾಲನ್ನು ಅಳತೆಗೆ ಮೊದಲೇ ಎತ್ತಿಡಿ. ಬಿ12 ಎಂಬ ವಿಟಮಿನ್ ಸೊಪ್ಪಿನಲ್ಲೂ ಕಾಳಿನಲ್ಲೂ ಇಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇದೆ. ವಯಸ್ಸಾದಂತೆ ಕರುಳು ಅದನ್ನು ಹೀರುವುದೂ ಕಡಿಮೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇನ್ನೂ ಕಡಿಮೆ. ಕಾಲು ಜೋಮು, ಮರೆವು, ಸುಸ್ತು ಇದ್ದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಟೊಮೆಟೊವನ್ನು ಎಣ್ಣೆಯಲ್ಲಿ ಬಾಡಿಸಿ ತಿಂದರೆ ಅದರ ಕೆಂಪಿನ ಸತ್ವ ಮೈಗೆ ಹೆಚ್ಚು ಹತ್ತುತ್ತದೆ, ಗೊಜ್ಜು ಮಾಡುವ ಜನಕ್ಕೆ ಇದು ಹೊಸದಲ್ಲ. ಮಾವು ಸಕ್ಕರೆಯವರಿಗೆ ನಿಷಿದ್ಧವೇನೂ ಅಲ್ಲ, ಊಟದ ಮೇಲೆ ಇಡೀ ಹಣ್ಣು ಮಾತ್ರ ಬೇಡ. ಎರಡು ಹೋಳು ತಿಂದು ಅಷ್ಟೇ ಅನ್ನ ಬಿಡಿ.

ಇಷ್ಟೆಲ್ಲ ಹೇಳಿದರೂ ಒಂದು ಪ್ರಶ್ನೆ ಉಳಿದೇ ಇದೆ. ಮುದ್ದೆ ತಿರುವುವವರು ಯಾರು? ಮಕ್ಕಳು ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳ ಪಾಳಿಯಲ್ಲಿದ್ದಾರೆ, ಇಲ್ಲವೆ ಬೆಂಗಳೂರಿನಲ್ಲಿ. ಊರ ಮನೆಯಲ್ಲಿ ಅಜ್ಜಿ ಒಬ್ಬರೇ. ಕೋಲು ಹಿಡಿದು ಹಿಟ್ಟು ತಿರುವಲು ಮಣಿಕಟ್ಟಿನಲ್ಲಿ ಬಲ ಬೇಕು. ಒಬ್ಬರಿಗಾಗಿ ಕಾಳು ನೆನೆಸಿ, ಸೊಪ್ಪು ಬಿಡಿಸಿ, ಬಸಿದು, ರುಬ್ಬಿ ಸಾರು ಮಾಡಲು ಮನಸ್ಸು ಬೇಕು. ಎರಡೂ ಇಲ್ಲದವರು ಬೆಳಗ್ಗೆ ಒಂದು ಪಾವು ಅನ್ನ ಇಟ್ಟು ಮೂರು ಹೊತ್ತು ಉಪ್ಪಿನಕಾಯಿ ಜೊತೆ ಉಣ್ಣುತ್ತಾರೆ. ಬಾಯಾರಿಕೆಯೂ ಈ ವಯಸ್ಸಿನಲ್ಲಿ ಮಂಕಾಗುತ್ತದೆ, ನೀರು ಕುಡಿಯಲೂ ಮರೆಯುತ್ತಾರೆ. ನಾನು ಇಷ್ಟು ಹೊತ್ತು ಮಾಡಿದ ಪ್ರೋಟೀನ್ ಲೆಕ್ಕ ಅವರ ಮನೆ ಬಾಗಿಲಲ್ಲೇ ನಿಂತುಬಿಡುತ್ತದೆ. ಹುರಿಹಿಟ್ಟು, ಅಂಬಲಿ, ಮೊಸರಿಗೆ ಕಲಸಿದ ಅವಲಕ್ಕಿ, ಬೇಯಿಸಿದ ಮೊಟ್ಟೆ, ಹುರಿಗಡಲೆ ಪುಡಿ ಹಾಕಿದ ಮಜ್ಜಿಗೆ ಒಂಟಿಯಾಗಿರುವವರು ಸುಲಭವಾಗಿ ಮಾಡಿಕೊಳ್ಳಬಹುದಾದವು. ಅವೂ ಎಷ್ಟು ದಿನ?

ಈ ಜಾಗಕ್ಕೇ ಡಬ್ಬಿಗಳು ನುಗ್ಗುವುದು. ಯೌವನ ಮರಳಿಸುವ ಪುಡಿ, ಮಂಡಿ ಸವೆತಕ್ಕೆ ಲೇಹ್ಯ, ಸಕ್ಕರೆಯನ್ನು ಬುಡಸಹಿತ ಕೀಳುವ ಕಷಾಯ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರವೇ ಅಪರಾಧ. ಆದರೂ ಫೋನಿನಲ್ಲಿ ದಿನಕ್ಕೆ ಹತ್ತು ಬರುತ್ತವೆ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಬಹುಪಾಲನ್ನು ಒಂದು ಡಬ್ಬಿಗೆ ಕೊಟ್ಟವರು ಮೊಟ್ಟೆ, ಮೊಸರು ಬಿಟ್ಟಿರುತ್ತಾರೆ. ಡಬ್ಬಿಯ ಮೇಲೆ ಬರೆದ ಪ್ರೋಟೀನ್ ಗ್ರಾಂಗಳನ್ನು ಹುರುಳಿಯ ಬೆಲೆಯಲ್ಲಿ ಲೆಕ್ಕ ಹಾಕಿ ನೋಡಿ, ಯಾರಿಗೆ ಯೌವನ ಬಂತು ಎಂದು ಗೊತ್ತಾಗುತ್ತದೆ.

ಇನ್ನು ನನ್ನ ಕೋರಿಕೆ. ನಮ್ಮ ಊರಿನ ಶಾಲೆಯಲ್ಲಿ ಮಗುವಿಗೆ 2013ರಿಂದ ಕ್ಷೀರಭಾಗ್ಯದ ಹಾಲು ಸಿಗುತ್ತಿದೆ, ಬಿಸಿಯೂಟ ಇದೆ, ಮೊಟ್ಟೆ ಇದೆ, 2024ರಿಂದ ಹಾಲಿಗೆ ರಾಗಿ ಮಾಲ್ಟೂ ಸೇರಿದೆ. ಗರ್ಭಿಣಿಗೂ ಬಾಣಂತಿಗೂ 2017ರ ಅಕ್ಟೋಬರ್‌ನಿಂದ ಮಾತೃಪೂರ್ಣದಲ್ಲಿ ಅಂಗನವಾಡಿಯ ಮಧ್ಯಾಹ್ನದ ಊಟ ಇದೆ. ಅದೇ ಬೀದಿಯಲ್ಲಿ ಒಂಟಿಯಾಗಿರುವ ಎಪ್ಪತ್ತೈದರ ಅಜ್ಜಿಗೆ ಬಿಸಿ ಊಟ ಕೊಡುವ ಏರ್ಪಾಟು ಯಾವುದೂ ಇಲ್ಲ. ಒಲೆ ಇದೆ, ಪಾತ್ರೆ ಇದೆ, ಸ್ತ್ರೀಶಕ್ತಿ ಸಂಘದವರಿದ್ದಾರೆ, ರಾಗಿ ಇದೆ. ಒಂದು ಮಧ್ಯಾಹ್ನಕ್ಕೆ ಒಂದು ಸಣ್ಣ ಮುದ್ದೆ, ಕಾಳು ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ. ನಾಲ್ಕು ಜನ ಜೊತೆಗೆ ಕೂತು ಉಂಡರೆ ಒಂದು ತುತ್ತು ಹೆಚ್ಚೇ ಹೋಗುತ್ತದೆ, ಅಲ್ಲಿಗೆ ನಡೆದು ಬರುವುದೂ ಕಾಲಿಗೆ ಒಳ್ಳೆಯದೇ. ದೊಡ್ಡ ಯೋಜನೆಗೆ ಕಾಯಬೇಡಿ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಊರಿನ ಒಂಟಿ ಹಿರಿಯರ ಪಟ್ಟಿ ಹಿಡಿದು ಎದ್ದು ನಿಲ್ಲಿ, ಈ ಊಟವನ್ನು ಕೇಳಿ, ನಡಾವಳಿಯಲ್ಲಿ ಬರೆಸದೆ ಕೂರಬೇಡಿ. ಪಂಚಾಯಿತಿ ಒಪ್ಪುವ ತನಕ ನಿಮ್ಮ ಮನೆಯ ಸಾರಿನಲ್ಲಿ ಒಂದು ಬಟ್ಟಲು ಪಕ್ಕದ ಮನೆಗೂ ಹೋಗಲಿ.